ಅಲಾಸ್ಕಾ ಕ್ರೂಸ್: ಹಡಗು ಹುಡುಕುವ ಮೊದಲು ಪಾಸ್‌ಪೋರ್ಟ್ ತೆರೆದು ನೋಡಿ

"ಅಲಾಸ್ಕಾ ಕ್ರೂಸ್‌ಗೆ ಹೋಗೋಣ ಅಂತಿದ್ದೀವಿ, ಯಾವ ಹಡಗು ಒಳ್ಳೇದು?" ಚಳಿಗಾಲ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಹೊತ್ತ ಫೋನು ನನಗೆ ನಾಲ್ಕೈದಾದರೂ ಬರುತ್ತವೆ. ನಾನಿರುವುದು ಸಿಯಾಟಲ್ ಹತ್ತಿರ. ಎರಡು ಸಲ ಹೋಗಿ ಬಂದಿದ್ದೇನೆ: ಒಮ್ಮೆ ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ, ಇನ್ನೊಮ್ಮೆ ಹೆಂಡತಿ ಮಕ್ಕಳ ಜೊತೆ. ಫೋನ್ ಮಾಡಿದವರಿಗೆಲ್ಲ ನಾನು ಹೇಳುವುದು ಒಂದೇ. ಹಡಗಿನ ವಿಷಯ ಆಮೇಲೆ, ಮೊದಲು ಮನೆಯಲ್ಲಿ ಯಾರ ಯಾರ ಪಾಸ್‌ಪೋರ್ಟ್‌ನಲ್ಲಿ ಏನೇನು ವೀಸಾ ಇದೆ ಹೇಳಿ.

ಕೇಳಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ಆದರೆ ಈ ಪ್ರವಾಸ ಕೆಡುವುದು ಹಡಗಿನಿಂದಲ್ಲ. ವೀಸಾ, ಮಾರ್ಗ, ತಿಂಗಳು ಈ ಮೂರನ್ನು ಅದೇ ಕ್ರಮದಲ್ಲಿ ತೀರ್ಮಾನಿಸಿದರೆ ಹಡಗು ತಾನಾಗಿಯೇ ಸಿಗುತ್ತದೆ.

ಮೊದಲ ಕೆಲಸ: ಕೆನಡಾ ವೀಸಾ

ಸಿಯಾಟಲ್‌ನಲ್ಲಿ ಹತ್ತಿ, ಅಲಾಸ್ಕಾ ನೋಡಿ, ಸಿಯಾಟಲ್‌ನಲ್ಲೇ ಇಳಿಯುವ ಪ್ರವಾಸಕ್ಕೆ ಕೆನಡಾ ವೀಸಾ ಯಾಕೆ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಇದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾನೂನು, ಪ್ಯಾಸೆಂಜರ್ ವೆಸೆಲ್ ಸರ್ವೀಸಸ್ ಆ್ಯಕ್ಟ್. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸುತ್ತಾಡಿಸುವಂತಿಲ್ಲ, ಮಧ್ಯೆ ಒಂದು ಬೇರೆ ದೇಶದ ಬಂದರನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಬರ್ಮುಡಾ, ನೆದರ್ಲೆಂಡ್ಸ್ ಹೀಗೆ ಬೇರೆ ದೇಶದಲ್ಲಿ ನೋಂದಣಿಯಾದವು. ಹಾಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಾಲ್ಕು ಗಂಟೆ ನಿಂತು ಶಾಸ್ತ್ರ ಮುಗಿಸುತ್ತದೆ. "ನಾವು ಅಲ್ಲಿ ಇಳಿಯೋದೇ ಇಲ್ಲ, ಹಡಗಲ್ಲೇ ಕೂತಿರ್ತೀವಿ" ಎನ್ನುವ ವಾದವನ್ನು ಹತ್ತುವ ಕೌಂಟರಿನಲ್ಲಿ ಕೇಳುವುದಿಲ್ಲ. ವೀಸಾ ಇಲ್ಲದಿದ್ದರೆ ಹತ್ತಿಸುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ.

ಯಾರಿಗೆ ಏನು ಬೇಕು ನೋಡೋಣ. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಚಿಂತೆಯಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೂ ಕೆನಡಾ ವೀಸಾ ಬೇಡ, ಕಾರ್ಡು ಮತ್ತು ಭಾರತದ ಪಾಸ್‌ಪೋರ್ಟು ಎರಡೂ ಚಾಲ್ತಿಯಲ್ಲಿರಬೇಕು ಅಷ್ಟೆ. ಕೆಲಸದ ಎಚ್-1ಬಿ, ಅವರ ಮನೆಯವರ ಎಚ್-4, ವಿದ್ಯಾರ್ಥಿಗಳ ಎಫ್-1 ಈ ಅಮೆರಿಕದ ವೀಸಾಗಳಲ್ಲಿರುವ ಭಾರತೀಯರಿಗೆ ಬೇಕು. ಪ್ರವಾಸಿಗರ ಬಿ-2 ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೂ ಬೇಕು. ಭಾರತದಿಂದ ನೇರ ಬರುವವರಿಗೆ ಎರಡು ವೀಸಾ: ಅಮೆರಿಕದ್ದು, ಕೆನಡಾದ್ದು. ಕೆನಡಾದ ವ್ಯಾಂಕೂವರ್‌ನಲ್ಲಿ ಹತ್ತಿ ವ್ಯಾಂಕೂವರ್‌ನಲ್ಲೇ ಇಳಿದರೂ ಎರಡೂ ಬೇಕು, ಯಾಕೆಂದರೆ ಅಲಾಸ್ಕಾ ಅಮೆರಿಕ, ಮತ್ತು ವ್ಯಾಂಕೂವರ್ ಬಂದರಿನಲ್ಲಿ ಹಡಗು ಹತ್ತುವ ಮೊದಲೇ ಅಮೆರಿಕದ ಇಮಿಗ್ರೇಷನ್ ಮುಗಿಯುತ್ತದೆ.

ಕೆನಡಾ ವಿಸಿಟರ್ ವೀಸಾಗೆ ಅರ್ಜಿ ಆನ್‌ಲೈನ್. ಒಬ್ಬರಿಗೆ 100 ಕೆನಡಿಯನ್ ಡಾಲರ್, ಬೆರಳಚ್ಚು ಮತ್ತು ಫೋಟೋಗೆ 85. ಎಷ್ಟು ದಿನ ಹಿಡಿಯುತ್ತದೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಅಪ್ಪ ಅಮ್ಮ ಇನ್ನೂ ಊರಲ್ಲಿದ್ದಾರೆ ಎಂದರೆ ಅಲ್ಲಿಂದಲೇ ಮಾಡಿಸಿಕೊಂಡು ವಿಮಾನ ಹತ್ತಲಿ. ಇಲ್ಲಿಗೆ ಬಂದ ಮೇಲೂ ಮಾಡಿಸಬಹುದು, ಆದರೆ ಅವರ ಪಾಸ್‌ಪೋರ್ಟು ಸ್ಟಾಂಪಿಂಗ್‌ಗೆ ಹೋಗಿ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಅನುಭವದ ಮಾತು.

ಎಚ್-1ಬಿಯವರು ಕೇಳುವ ಇನ್ನೊಂದು ಪ್ರಶ್ನೆ ಇದೆ. ಅಮೆರಿಕದ ವೀಸಾ ಸ್ಟಾಂಪ್ ಮುಗಿದಿದೆ, ಎಷ್ಟು ದಿನ ಇರಬಹುದು ಎಂಬ ದಾಖಲೆ ಐ-94 ಮಾತ್ರ ಚಾಲ್ತಿಯಲ್ಲಿದೆ, ಹೋಗಬಹುದೇ? ಕೆನಡಾಕ್ಕೆ 30 ದಿನದೊಳಗೆ ಹೋಗಿ ಬರುವವರಿಗೆ ಮುಗಿದ ಸ್ಟಾಂಪಿನಲ್ಲೇ ವಾಪಸ್ ಬರಲು ಬಿಡುವ ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ಎಂಬ ಅನುಕೂಲ ಇದೆ, ಕ್ರೂಸ್‌ಗೂ ಅದು ಸಲ್ಲುತ್ತದೆ. ಕೆನಡಾ ವೀಸಾ ಮಾತ್ರ ಪ್ರತ್ಯೇಕವಾಗಿ ಬೇಕೇ ಬೇಕು. ಕೌಂಟರಿನಲ್ಲಿ ಕೂತವರಿಗೆ ಈ ನಿಯಮ ಗೊತ್ತಿರಬೇಕೆಂದೇನೂ ಇಲ್ಲ. ನಿಯಮದ ಪ್ರತಿ, ಐ-94, ಎಚ್-1ಬಿ ಮಂಜೂರಾತಿ ಪತ್ರ ಐ-797 ಮೂರನ್ನೂ ಮುದ್ರಿಸಿ ಇಟ್ಟುಕೊಳ್ಳಿ, ಬುಕ್ ಮಾಡುವ ಮೊದಲೇ ನಿಮ್ಮ ಕಂಪನಿಯ ವಕೀಲರಿಗೊಂದು ಈಮೇಲ್ ಹಾಕಿ.

ಮಕ್ಕಳನ್ನು ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದುಕೊಂಡು ಹೋಗುವುದಾದರೆ, ಅಜ್ಜ ಅಜ್ಜಿ ಜೊತೆ ಕಳಿಸುವುದಾದರೆ, ಬರದೇ ಇರುವ ಹೆತ್ತವರಿಂದ ಒಪ್ಪಿಗೆ ಪತ್ರ ಇರಲಿ. ಗಡಿಯಲ್ಲಿ ಕೇಳುವುದುಂಟು.

ಕೆನಡಾ ವೀಸಾ ಸಿಗಲೇ ಇಲ್ಲ, ಆದರೂ ಅಲಾಸ್ಕಾ ನೋಡಬೇಕು ಅನ್ನುವವರಿಗೆ ದಾರಿ ಇಲ್ಲದಿಲ್ಲ. ಸಿಯಾಟಲ್‌ನಿಂದ ಅಲಾಸ್ಕಾದ ಜೂನೋಗೆ ವಿಮಾನದಲ್ಲಿ ಎರಡೂವರೆ ಗಂಟೆ. ಅಲ್ಲಿಂದ ತಿಮಿಂಗಿಲ, ಹಿಮನದಿ ಎಲ್ಲಕ್ಕೂ ದಿನದ ದೋಣಿಗಳಿವೆ. ಇಲ್ಲವಾದರೆ ಸಿಯಾಟಲ್ ಉತ್ತರಕ್ಕಿರುವ ಬೆಲಿಂಗ್‌ಹ್ಯಾಮ್‌ನಿಂದ ಅಲಾಸ್ಕಾ ಸರ್ಕಾರದ್ದೇ ಫೆರಿ ಹೊರಡುತ್ತದೆ, ಮಧ್ಯೆ ಕೆನಡಾದಲ್ಲಿ ನಿಲ್ಲದೆ ಸುಮಾರು ಒಂದೂವರೆ ದಿನಕ್ಕೆ ಅಲಾಸ್ಕಾದ ಬಂದರು ಕೆಚಿಕನ್ ಮುಟ್ಟಿಸುತ್ತದೆ. ನಮ್ಮ ಕೆಂಪು ಬಸ್ಸಿದ್ದ ಹಾಗೆ: ಸಂಗೀತ, ಈಜುಕೊಳ ಏನೂ ಇಲ್ಲ, ಕಿಟಕಿಯಾಚೆಯ ನೋಟ ಮಾತ್ರ ಅದೇ.

ಮಾರ್ಗ: ಮೂರರಲ್ಲಿ ಒಂದು

ಏಳು ರಾತ್ರಿಯ ಪ್ರವಾಸಗಳಲ್ಲಿ ಮೂರು ಬಗೆ. ಸಿಯಾಟಲ್‌ನಿಂದ ಹೋಗಿ ಬರುವುದು, ವ್ಯಾಂಕೂವರ್‌ನಿಂದ ಹೋಗಿ ಬರುವುದು, ವ್ಯಾಂಕೂವರ್ ಮತ್ತು ಆ್ಯಂಕರೇಜ್ ಹತ್ತಿರದ ಸೀವರ್ಡ್ ಅಥವಾ ವಿಟಿಯರ್ ನಡುವೆ ಒಮ್ಮುಖವಾಗಿ ಸಾಗುವುದು.

ಸಿಯಾಟಲ್‌ನದು ಸುಲಭ. ವಿಮಾನ ಅಗ್ಗ, ಹಡಗುಗಳು ದೊಡ್ಡವು, ಮಕ್ಕಳಿಗೆ ಜಾರುಬಂಡೆಯಿಂದ ಹಿಡಿದು ಎಲ್ಲ ಇರುತ್ತದೆ. ಒಂದು ವಿಷಯ ಮಾತ್ರ ಬುಕಿಂಗ್ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲ. ಈ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಅಂದರೆ ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುತ್ತವೆ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಅಲೆಯ ಆಟ. ವ್ಯಾಂಕೂವರ್‌ನಿಂದ ಹೊರಟವು ದ್ವೀಪ ಮತ್ತು ನೆಲದ ನಡುವಿನ ಕಿರಿದಾದ ನೀರಿನಲ್ಲಿ, ಎರಡೂ ಬದಿಗೆ ಕಾಡು ತೋರಿಸುತ್ತಾ, ಶರಾವತಿ ಹಿನ್ನೀರಿನ ಲಾಂಚಿನಷ್ಟು ಮೆತ್ತಗೆ ಹೋಗುತ್ತವೆ. ಇನ್‌ಸೈಡ್ ಪ್ಯಾಸೇಜ್ ಎಂದು ಫೋಟೋ ತೋರಿಸುವುದು ಇದನ್ನೇ.

ಒಮ್ಮುಖದ್ದರಲ್ಲಿ ಹಿಮನದಿ ಹೆಚ್ಚು. ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯ ಜೊತೆಗೆ ಹಬ್ಬರ್ಡ್ ಅಥವಾ ಕಾಲೇಜ್ ಫ್ಯೋರ್ಡ್ ಸೇರುತ್ತದೆ, ಇಳಿದ ಮೇಲೆ ರೈಲಿನಲ್ಲಿ ಡೆನಾಲಿ ಕಡೆಗೂ ಹೋಗಬಹುದು. 20,310 ಅಡಿಯ ಆ ಶಿಖರ ಮೋಡದಿಂದ ಹೊರಬರುವುದು ಅದರ ಮರ್ಜಿ, ಅದಕ್ಕಾಗಿ ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ಖರ್ಚು ಹೆಚ್ಚು, ಒಂದು ಕಡೆಯ ವಿಮಾನ ದುಬಾರಿ. ಒಂದೇ ಸಲ ಹೋಗುವುದು, ಮತ್ತೆ ಬರುವುದಿಲ್ಲ ಎನ್ನುವ ಹಿರಿಯರಿಗೆ ನಾನು ಹೇಳುವುದು ಇದನ್ನೇ. ಚಿಕ್ಕ ಮಕ್ಕಳಿದ್ದರೆ ಸಿಯಾಟಲ್. ಅಲೆಗೆ ವಾಂತಿ ಬರುವವರಿದ್ದರೆ ವ್ಯಾಂಕೂವರ್‌ನಿಂದ ಹೋಗಿ ಬನ್ನಿ.

ಮಾರ್ಗ ನೋಡುವಾಗ ಬಂದರುಗಳ ಹೆಸರಿಗಿಂತ ಹಿಮನದಿಯ ಹೆಸರು ನೋಡಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಎಲ್ಲ ಕಂಪನಿಗಳಿಗೂ ಆ ಪರವಾನಗಿ ಸಿಗುವುದಿಲ್ಲ, ಒಂದೇ ಕಂಪನಿಯ ಎಲ್ಲ ಹಡಗೂ ಹೋಗುವುದಿಲ್ಲ. "ಗ್ಲೇಸಿಯರ್ ವ್ಯೂಯಿಂಗ್" ಎಂದಷ್ಟೇ ಬರೆದಿದ್ದರೆ ಅದು ಗ್ಲೇಸಿಯರ್ ಬೇ ಅಲ್ಲ ಅಂದುಕೊಳ್ಳಿ. ಟ್ರೇಸಿ ಆರ್ಮ್ ಎಂಬ ಕಿರಿದಾದ ಕಡಲ ಕಣಿವೆಯ ಹೆಸರಿದ್ದರೆ ಇನ್ನೊಮ್ಮೆ ವಿಚಾರಿಸಿ. 2025ರ ಆಗಸ್ಟ್‌ನಲ್ಲಿ ಅಲ್ಲಿ ಸೌತ್ ಸಾಯರ್ ಹಿಮನದಿಯ ಪಕ್ಕ ದೊಡ್ಡ ಗುಡ್ಡ ಕುಸಿದು ನೀರು ಉಕ್ಕಿತ್ತು, ಆಮೇಲೆ ಹಲವು ಹಡಗುಗಳು ಪಕ್ಕದ ಎಂಡಿಕಾಟ್ ಆರ್ಮ್ ಕಡೆ ತಿರುಗಿವೆ.

ಯಾವ ತಿಂಗಳು?

ಸೀಸನ್ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ. ಅಪ್ಪ ಅಮ್ಮನ ಜೊತೆ ನಾವು ಹೋದದ್ದು ಮೇ ಕೊನೆಯಲ್ಲಿ, ಮಕ್ಕಳ ಜೊತೆ ಆಗಸ್ಟ್‌ನಲ್ಲಿ. ಎರಡೂ ಬೇರೆ ಬೇರೆ ಊರೇನೋ ಅನ್ನಿಸುವಷ್ಟು ವ್ಯತ್ಯಾಸ.

ಮೇನಲ್ಲಿ ಮಳೆ ಕಡಿಮೆ, ಟಿಕೆಟ್ ಅಗ್ಗ, ಬೆಟ್ಟದ ತಲೆಯ ಮೇಲೆ ಹಿಮ ಇನ್ನೂ ಗಟ್ಟಿ. ಚಳಿ ಇರುತ್ತದೆ, ಹೊಳೆಗಳಿಗೆ ಸಾಲ್ಮನ್ ಮೀನು ಇನ್ನೂ ಬಂದಿರುವುದಿಲ್ಲ, ಹಾಗಾಗಿ ಹೊಳೆದಂಡೆಯಲ್ಲಿ ಕರಡಿಯೂ ಇಲ್ಲ. ಜೂನ್‌ನಲ್ಲಿ ಹಗಲು ಮುಗಿಯುವುದೇ ಇಲ್ಲ, ಜೂನೋದಲ್ಲಿ ಸುಮಾರು 18 ಗಂಟೆ ಬೆಳಕು. ಜುಲೈ ಬೆಚ್ಚಗೆ, ಜನಜಂಗುಳಿ, ಜೇಬಿಗೆ ಕತ್ತರಿ. ಆಗಸ್ಟ್‌ನಲ್ಲಿ ಸಾಲ್ಮನ್ ಏರುತ್ತದೆ, ಕರಡಿ ಇಳಿಯುತ್ತದೆ, ಮಳೆ ಹಿಡಿಯುತ್ತದೆ. ಸೆಪ್ಟೆಂಬರ್ ಮತ್ತೆ ಅಗ್ಗ, ಮಳೆ ಜೋರು, ಅದೃಷ್ಟ ಇದ್ದು ಮೋಡ ಸರಿದರೆ ರಾತ್ರಿ ಆಕಾಶದಲ್ಲಿ ಅರೋರಾ ಬೆಳಕು. ಊರಿನ ಶಾಲೆಯ ಬೇಸಿಗೆ ರಜೆಗೆ ಹೊಂದುವುದು ಮೇ ಮಾತ್ರ, ಅದೇನೂ ಕೆಟ್ಟ ಆಯ್ಕೆಯಲ್ಲ.

ಮಳೆಯ ಬಗ್ಗೆ ಒಂದು ಮಾತು. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ. ಅಮೆರಿಕದವರು ಇದನ್ನು ಬಾಯಿ ತೆರೆದು ಹೇಳುತ್ತಾರೆ. ಆಗುಂಬೆಯಲ್ಲಿ ಅದರ ದುಪ್ಪಟ್ಟಿಗೆ ಹತ್ತಿರ ಬೀಳುತ್ತದೆ. ಕೆಚಿಕನ್‌ನಲ್ಲಿ ಹಡಗಿಂದ ಇಳಿದ ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು, ಕಪ್ಪು ಬೆಟ್ಟ, ಜೋತುಬಿದ್ದ ಮೋಡ, ಪಾಚಿ ಹಿಡಿದ ಮರಗಳನ್ನು ಒಂದು ಸುತ್ತು ನೋಡಿ, "ಇಷ್ಟು ದೂರ ಕರಕೊಂಡು ಬಂದದ್ದು ಮಳೆ ತೋರಿಸೋಕಾ ಮಾರಾಯ?" ಅಂದರು. ಉತ್ತರ ಕೊಡಲು ನನಗೆ ಆಗಲಿಲ್ಲ. ಅದು ನಿಜಕ್ಕೂ ಮಳೆಕಾಡೇ, ಟಾಂಗಸ್ ಎಂಬ ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಅರಣ್ಯ. ವ್ಯತ್ಯಾಸ ಇಷ್ಟೇ, ಜಿಗಣೆ ಇಲ್ಲ.

ಕ್ಯಾಬಿನ್ ಮತ್ತು ಲೆಕ್ಕಾಚಾರ

ಬಾಲ್ಕನಿ ಬೇಕೇ ಬೇಡವೇ ಎಂದು ಜನ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಮಂಡಿನೋವಿನ ಅಪ್ಪ ಅಮ್ಮ ಇದ್ದರೆ ಬೇಕು; ಚಳಿಯಾದಾಗ ಒಳಗೆ, ಏನಾದರೂ ಕಂಡಾಗ ಎರಡೇ ಹೆಜ್ಜೆಗೆ ಹೊರಗೆ. ಗಟ್ಟಿಮುಟ್ಟಾದವರು ಕಿಟಕಿಯಿಲ್ಲದ ಒಳ ಕ್ಯಾಬಿನ್ ತೆಗೆದುಕೊಂಡು ಉಳಿದ ದುಡ್ಡನ್ನು ತಿಮಿಂಗಿಲ ನೋಡಲು ಇಡಿ, ಡೆಕ್ ಎಲ್ಲರದ್ದೂ. ಬೆಲೆ ತೀರಾ ಕಡಿಮೆ ಇರುವ ಬಾಲ್ಕನಿ ಅಥವಾ ಕಿಟಕಿ ಕಂಡರೆ ಎದುರಿಗೆ ಲೈಫ್‌ಬೋಟ್ ನೇತಾಡುತ್ತಿದೆಯೇ ಎಂದು ನಕ್ಷೆಯಲ್ಲಿ ನೋಡಿ. ಹಡಗಿನ ಮಧ್ಯಭಾಗ, ಕೆಳಗಿನ ಡೆಕ್‌ಗಳಲ್ಲಿ ಅಲುಗಾಟ ಕಡಿಮೆ. ಒಮ್ಮುಖದ ಪ್ರವಾಸದಲ್ಲಿ ಉತ್ತರಕ್ಕೆ ಹೋಗುವಾಗ ಬಲಬದಿ, ದಕ್ಷಿಣಕ್ಕೆ ಬರುವಾಗ ಎಡಬದಿ ನೆಲದ ಕಡೆಗಿರುತ್ತದೆ. ಹೋಗಿ ಬರುವ ಪ್ರವಾಸಕ್ಕೆ ಈ ಲೆಕ್ಕ ಬೇಡ.

ಟಿಕೆಟ್ ಬೆಲೆ ನೋಡಿ "ಅಯ್ಯೋ ಇಷ್ಟೇನಾ" ಅನ್ನುವ ಮೊದಲು ಉಳಿದದ್ದನ್ನು ಕೂಡಿಸಿ. ಬಂದರು ತೆರಿಗೆ ಇದೆ. ಟಿಪ್ಸ್ ಎಂದು ತಲೆಗೆ ದಿನಕ್ಕೆ ಹದಿನೆಂಟು ಡಾಲರ್ ಆಸುಪಾಸು ತಾನಾಗಿ ಸೇರುತ್ತದೆ. ನಾಲ್ಕು ಜನ, ಏಳು ದಿನ ಅಂದರೆ ಅದೇ 500 ಡಾಲರ್. ವೈಫೈ ಬೇರೆ. ತಿಮಿಂಗಿಲದ ದೋಣಿಗೆ ತಲೆಗೆ 150ರಿಂದ 200, ಹೆಲಿಕಾಪ್ಟರ್‌ನಲ್ಲಿ ಹಿಮನದಿ ಮೇಲೆ ಇಳಿಯಲು ಅದರ ಎರಡು ಮೂರು ಪಟ್ಟು. ನನ್ನ ಮನೆ ಲೆಕ್ಕದಲ್ಲಿ ಟಿಕೆಟ್ಟಿಗೆ ಎಷ್ಟೋ, ಉಳಿದದ್ದೆಲ್ಲ ಸೇರಿ ಹತ್ತಿರಹತ್ತಿರ ಅಷ್ಟೇ ಆಯಿತು.

ವಿಮೆ ಬಿಡಬೇಡಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ದೊಡ್ಡ ತೊಂದರೆಯಾದರೆ ಹೆಲಿಕಾಪ್ಟರ್ ಅಥವಾ ವಿಮಾನದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಅದಕ್ಕೆ ಹತ್ತಾರು ಸಾವಿರ ಡಾಲರ್ ಆಗಬಹುದು. ಊರಿಂದ ಬಂದವರ ವಿಮೆಯಲ್ಲಿ ಮೆಡಿಕಲ್ ಇವ್ಯಾಕ್ಯುಯೇಷನ್ ಇದೆಯೇ, ಮೊದಲೇ ಇರುವ ಬಿಪಿ, ಶುಗರ್‌ಗೆ ಏನು ಷರತ್ತು, ಕೆನಡಾ ಸೇರಿದೆಯೇ ಓದಿ ನೋಡಿ. ಪೂರ್ತಿ ಹಣ ಕಟ್ಟುವುದು ಸಾಮಾನ್ಯವಾಗಿ ಹೊರಡುವ ಮೂರು ತಿಂಗಳ ಮೊದಲು. ಕೆನಡಾ ವೀಸಾ ಅಷ್ಟರೊಳಗೆ ಕೈಗೆ ಬಂದಿರಬೇಕು, ಬಂದಿಲ್ಲದಿದ್ದರೆ ಆಗಲೇ ರದ್ದು ಮಾಡಿ.

ಮತ್ತೆ, ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಧೈರ್ಯ ಬೇಡ. ಹಿಂದಿನ ದಿನವೇ ಬಂದು ಉಳಿಯಿರಿ. ಸಿಯಾಟಲ್‌ನಲ್ಲಿ ಎರಡು ಬಂದರುಕಟ್ಟೆಗಳಿವೆ, ಪಿಯರ್ 66 ಮತ್ತು ಪಿಯರ್ 91. ನಡುವೆ ಕೆಲವು ಮೈಲಿ ದೂರ. ಟ್ಯಾಕ್ಸಿಯವರಿಗೆ "ಕ್ರೂಸ್" ಎಂದಷ್ಟೇ ಹೇಳಬೇಡಿ.

ಪೆಟ್ಟಿಗೆ ಕಟ್ಟುವುದು

ಬೇಸಿಗೆಯಲ್ಲೂ ಬಂದರುಗಳಲ್ಲಿ 10ರಿಂದ 18 ಡಿಗ್ರಿ. ಹಿಮನದಿ ಎದುರು ಗಾಳಿಗೆ ಇನ್ನೂ ಕಡಿಮೆ ಅನ್ನಿಸುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ಪದರ ಒಳ್ಳೆಯದು: ಒಳಗೆ ಥರ್ಮಲ್, ಮಧ್ಯೆ ಸ್ವೆಟರ್, ಮೇಲೆ ನೀರು ಹಿಡಿಯದ ಟೋಪಿ ಜಾಕೆಟ್. ಛತ್ರಿ ಡೆಕ್ ಮೇಲೆ ನಿಲ್ಲುವುದಿಲ್ಲ. ಜೀನ್ಸ್ ಒಮ್ಮೆ ನೆನೆದರೆ ಸಂಜೆವರೆಗೂ ಒಣಗುವುದಿಲ್ಲ. ಅಮ್ಮ ಸೀರೆಯೇ ಉಡುತ್ತೇನೆ ಅಂದರೆ ಉಡಲಿ, ಲಂಗದ ಬದಲು ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಚಪ್ಪಲಿ ಬದಲು ಸಾಕ್ಸು ಶೂ. ಮಂಕಿಕ್ಯಾಪ್ ಬಗ್ಗೆ ಮಕ್ಕಳು ನಗುತ್ತಾರೆ, ಗ್ಲೇಸಿಯರ್ ಬೇಯಲ್ಲಿ ಅದನ್ನೇ ಕೇಳಿ ಇಸಿದುಕೊಳ್ಳುತ್ತಾರೆ. ಫಾರ್ಮಲ್ ನೈಟ್ ಎಂದು ಒಂದೆರಡು ರಾತ್ರಿ ಚೆನ್ನಾಗಿ ಸಿಂಗರಿಸಿಕೊಳ್ಳುವ ರೂಢಿ. ಒಂದು ರೇಷ್ಮೆ ಸೀರೆ ಇಟ್ಟುಕೊಂಡರೆ ಇಡೀ ಊಟದ ಹಾಲ್ ತಿರುಗಿ ನೋಡುತ್ತದೆ.

ಮನೆಗೊಂದು ಬೈನಾಕ್ಯುಲರ್ ಸಾಲದು, ಇಬ್ಬರಿಗೊಂದಾದರೂ ಇರಲಿ. ಇಲ್ಲದಿದ್ದರೆ "ಎಲ್ಲಿ, ಎಲ್ಲಿ?" ಅನ್ನುವಷ್ಟರಲ್ಲಿ ತಿಮಿಂಗಿಲ ಮುಳುಗಿರುತ್ತದೆ. ಮಾತ್ರೆಗಳು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಗಳನ್ನು ಹತ್ತುವಾಗ ಅವರೇ ತೆಗೆದುಕೊಂಡು ಸಂಜೆ ಕ್ಯಾಬಿನ್ ಬಾಗಿಲಿಗೆ ತಂದಿಡುತ್ತಾರೆ. ಅಲೆಗೆ ತಲೆಸುತ್ತುವವರು ಮೆಕ್ಲಿಜಿನ್ ಮಾತ್ರೆ ಇಟ್ಟುಕೊಳ್ಳಬಹುದು, ಹಿರಿಯರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಹಸಿರು ಸೇಬು, ಶುಂಠಿ ಹಡಗಿನಲ್ಲೇ ಸಿಗುತ್ತವೆ.

ಊಟದ ವಿಷಯಕ್ಕೆ ಬರೋಣ, ನಮ್ಮವರ ಅರ್ಧ ಪ್ರಶ್ನೆ ಇದೇ. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಕಾಯಿಲ್ ಯಾವುದನ್ನೂ ತರುವಂತಿಲ್ಲ, ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಗೂ ಸಾಮಾನ್ಯವಾಗಿ ಅನುಮತಿಯಿಲ್ಲ, ಸೀಲ್ ಮಾಡಿದ ಅಂಗಡಿಯ ಪೊಟ್ಟಣ ಪರವಾಗಿಲ್ಲ. ಹಾಗಾಗಿ ಚಟ್ನಿಪುಡಿ, ಉಪ್ಪಿನಕಾಯಿ, ಬಿಸಿನೀರು ಸುರಿದರೆ ಸಾಕಾಗುವ ಉಪ್ಪಿಟ್ಟು, ಅವಲಕ್ಕಿಯ ಕಪ್ಪುಗಳು ಅಂಗಡಿಯವೇ ಇರಲಿ. ಬಿಸಿನೀರು ಬಫೆಯಲ್ಲಿ ದಿನವಿಡೀ ಸಿಗುತ್ತದೆ. ಹಣ್ಣು, ತರಕಾರಿ ಹಡಗಿನಿಂದ ಬಂದರಿಗೆ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ಬಾಳೆಹಣ್ಣಿಗೂ ದಂಡ ಬೀಳಬಹುದು.

ಬುಕ್ ಮಾಡುವಾಗಲೇ "ಇಂಡಿಯನ್ ವೆಜಿಟೇರಿಯನ್" ಎಂದು ಬರೆಸಿ. ಮೊದಲ ರಾತ್ರಿಯೇ ಊಟದ ಹಾಲ್‌ನ ಮುಖ್ಯ ವೇಟರ್ ಜೊತೆ ಮಾತಾಡಿ, ಮೊಟ್ಟೆ ಬೇಡ ಎನ್ನುವುದನ್ನು ಬೇರೆಯಾಗಿಯೇ ಹೇಳಿ, ಸೂಪಿಗೆ ಮಾಂಸದ ನೀರು ಹಾಕಿದೆಯೇ ಎಂದು ಕೇಳಲು ನಾಚಿಕೆ ಬೇಡ. ನಾಳೆಯ ಊಟ ಇವತ್ತೇ ಹೇಳಿಡಬೇಕು. ಬಫೆ ಗಲಾಟೆಗಿಂತ ಕೂತು ತಿನ್ನುವ ಹಾಲ್‌ನಲ್ಲಿ ಈ ವ್ಯವಸ್ಥೆ ಚೆನ್ನ. ಹಡಗುಗಳಲ್ಲಿ ಗೋವಾ, ಮುಂಬೈ, ಮಂಗಳೂರು ಕಡೆಯ ಹುಡುಗರು ತುಂಬ. ನಮ್ಮ ಮೇಜಿಗೆ ಬಂದವನು ಉಡುಪಿ ಕಡೆಯವನು. ಮೂರನೇ ರಾತ್ರಿ ಅಡುಗೆಮನೆಯಿಂದ ಏನೋ ಕೆಂಪಗಿನದು ಬಟ್ಟಲಲ್ಲಿ ತಂದಿಟ್ಟು, "ಅಮ್ಮ, ಸಾರು ಹೇಗಾಗಿದೆ ನೋಡಿ" ಅಂದ. ಅಮ್ಮ ಒಂದು ಚಮಚ ಕುಡಿದು, "ಇದು ಸಾರಲ್ಲ ಮಗಾ, ಆದರೆ ಬಿಸಿ ಇದೆ, ಸಾಕು" ಅಂದರು. ಉಳಿದ ನಾಲ್ಕು ದಿನ ಅದೇ ಬಂತು, ದಿನದಿಂದ ದಿನಕ್ಕೆ ಸಾರಿಗೆ ಹತ್ತಿರವಾಗುತ್ತಾ.

ಬಂದರುಗಳಲ್ಲಿ

ಎಲ್ಲ ಬಂದರಿನಲ್ಲೂ ದುಬಾರಿ ಟೂರ್ ತೆಗೆದುಕೊಳ್ಳಬೇಕಿಲ್ಲ. ಒಂದಕ್ಕೆ ಖರ್ಚು ಮಾಡಿ, ಉಳಿದಲ್ಲಿ ನಡೆಯಿರಿ.

ಖರ್ಚು ಮಾಡಲು ಜೂನೋ ತಕ್ಕದ್ದು. ಅಲಾಸ್ಕಾದ ರಾಜಧಾನಿ, ಆದರೂ ಹೊರಗಿನಿಂದ ರಸ್ತೆಯಿಲ್ಲ; ದೋಣಿ ಅಥವಾ ವಿಮಾನ ಮಾತ್ರ. ಆಕ್ ಬೇಯಿಂದ ಹೊರಡುವ ತಿಮಿಂಗಿಲದ ದೋಣಿಗಳಲ್ಲಿ ಸಣ್ಣದನ್ನು ಆರಿಸಿ, ಎಲ್ಲರಿಗೂ ಕಿಟಕಿ ಸಿಗುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲವನ್ನು ಹವಾಯಿ ಬಳಿ ಕಳೆದು ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಇಲ್ಲಿಗೆ ಬರುತ್ತವೆ. ದೋಣಿ ತಾನಾಗಿ 100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ. ಮೊದಲು ಕಾಣುವುದು ತಿಮಿಂಗಿಲವಲ್ಲ, ಉಸಿರು: ದೂರದಲ್ಲಿ ನೀರಿನ ಮೇಲೆ ಒಲೆ ಹೊಗೆಯಂಥ ಒಂದು ಬಿಳಿ ಕಂಬ. ಆಮೇಲೆ ಕಪ್ಪು ಬೆನ್ನು, ಕೊನೆಗೆ ಬಾಲ ಎತ್ತಿ ಒಳಗೆ. ಬಾಲ ಎದ್ದರೆ ಆಳಕ್ಕೆ ಹೋಯಿತೆಂದು ಲೆಕ್ಕ, ಐದಾರು ನಿಮಿಷ ಬರುವುದಿಲ್ಲ. ಕ್ಯಾಮೆರಾ ಇಳಿಸಿ ಕೈ ಬೆಚ್ಚಗೆ ಮಾಡಿಕೊಳ್ಳಲು ಅದೇ ಸಮಯ.

ಮೆಂಡನ್‌ಹಾಲ್ ಹಿಮನದಿ ಊರಿಂದ ಸುಮಾರು 20 ಕಿಲೋಮೀಟರ್. ಬಸ್ಸುಗಳ ಸಂಖ್ಯೆಗೆ ಮಿತಿ ಇರುವುದರಿಂದ ಮೊದಲೇ ಕಾಯ್ದಿರಿಸಿ. ಸಿಟಿ ಬಸ್ಸಿನಲ್ಲೂ ಹೋಗಬಹುದು, ಆದರೆ ಅದು ಎರಡೂವರೆ ಕಿಲೋಮೀಟರ್ ಹಿಂದೆಯೇ ಇಳಿಸುತ್ತದೆ. ಹಿಮನದಿ ಈಗ ತುಂಬಾ ಹಿಂದೆ ಸರಿದಿದೆ, ಹಳೆಯ ಫೋಟೋ ನೋಡಿ ಹೋಗಬೇಡಿ. ಪಕ್ಕದ ನಗೆಟ್ ಜಲಪಾತದ ಬುಡಕ್ಕೆ ಸಮತಟ್ಟಾದ ದಾರಿಯಿದೆ, ಅದಕ್ಕಾದರೂ ಹೋಗಿ. ಆಗಸ್ಟ್‌ನವರಿಗೆ ಒಂದು ಎಚ್ಚರಿಕೆ: 2023ರಿಂದ ಸತತವಾಗಿ ಮೂರು ವರ್ಷ ಆ ತಿಂಗಳಲ್ಲೇ ಹಿಮನದಿಯ ಮೇಲ್ಭಾಗದ ನೀರು ಒಡೆದು ಕಣಿವೆಗೆ ನೆರೆ ಬಂದಿತ್ತು. ಹೊರಡುವ ವಾರ ಸುದ್ದಿ ನೋಡಿಕೊಳ್ಳಿ.

ಸ್ಕ್ಯಾಗ್ವೇಯಲ್ಲಿ ರೈಲು. 1898ರ ಚಿನ್ನದ ಹುಚ್ಚಿನಲ್ಲಿ ಕಟ್ಟಲು ಶುರುಮಾಡಿ 1900ರಲ್ಲಿ ಮುಗಿಸಿದ ವೈಟ್ ಪಾಸ್ ನ್ಯಾರೋಗೇಜ್ ದಾರಿ, 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ರೈಲು ಕಂಡವರಿಗೂ ಸುರಂಗ, ಪ್ರಪಾತ ನೋಡಿ ಮೈ ಜುಮ್ಮೆನ್ನುತ್ತದೆ. ಹತ್ತುವಾಗ ಎಡಬದಿಯಲ್ಲಿ ಕೂತರೆ ಕಣಿವೆ ಕಾಣುತ್ತದೆ. ಹಿಂತಿರುಗುವಾಗ ಸೀಟು ಅದಲುಬದಲು ಮಾಡಿಸುತ್ತಾರೆ, ಜಗಳ ಬೇಡ. ಮೇಲೆ ಹೋಗಿ ಇಳಿಯದೇ ಬರುವ ಟೂರ್ ಒಂದು, ಕೆನಡಾದ ಯೂಕಾನ್ ಒಳಕ್ಕೆ ಹೋಗುವುದು ಇನ್ನೊಂದು. ಎರಡನೆಯದಕ್ಕೆ ಪಾಸ್‌ಪೋರ್ಟು, ವೀಸಾ ಕೈಯಲ್ಲೇ ಇರಬೇಕು.

ಕೆಚಿಕನ್‌ನಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟ್, ಟ್ಲಿಂಗಿಟ್, ಹೈಡಾ ಎಂಬ ಮೂಲನಿವಾಸಿ ಜನರ ಕೆತ್ತನೆಯ ಟೋಟೆಮ್ ಕಂಬಗಳು. ಕಾಲ್ನಡಿಗೆಯೇ ಸಾಕು. ಸಿಟ್ಕಾ ಸಿಕ್ಕರೆ ಪುಣ್ಯ: ರಷ್ಯಾದ ಕಾಲದ ರಾಜಧಾನಿ, 1867ರಲ್ಲಿ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಕೊಂಡ ಅಮೆರಿಕದ ಬಾವುಟ ಮೊದಲು ಏರಿದ್ದು ಅಲ್ಲಿನ ಗುಡ್ಡದ ಮೇಲೆ. ವಿಕ್ಟೋರಿಯಾ ಬರುವಷ್ಟರಲ್ಲಿ ಸಂಜೆ, ಎಲ್ಲರಿಗೂ ಸುಸ್ತು.

ಹೊರಗಿನವರಿಂದ ಟೂರ್ ಕೊಂಡರೆ ಅಗ್ಗ, ಆದರೆ ತಡವಾದರೆ ಹಡಗು ಕಾಯುವುದಿಲ್ಲ. ಹಡಗು ಬಿಡುವುದಕ್ಕೆ ಎರಡು ಗಂಟೆ ಮೊದಲು ಮುಗಿಯುವುದನ್ನೇ ಆರಿಸಿ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ತನಗೆ ತೋಚಿದ್ದು ತೋರಿಸುತ್ತದೆ, ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಡಿ. ಸಮುದ್ರದಲ್ಲಿದ್ದಷ್ಟೂ ಹೊತ್ತು ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಹಡಗಿನ ಮೊಬೈಲ್ ನೆಟ್‌ವರ್ಕ್ ಸಾಮಾನ್ಯವಾಗಿ ನಿಮ್ಮ ರೋಮಿಂಗ್ ಪ್ಯಾಕಿಗೆ ಸೇರುವುದಿಲ್ಲ.

ಹಿಮನದಿಯ ದಿನ

ಗ್ಲೇಸಿಯರ್ ಬೇ ದಿನ ಬೇರೇನನ್ನೂ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ಧ್ವನಿವರ್ಧಕದಲ್ಲಿ ವಿವರಿಸುತ್ತಾ ಹೋಗುತ್ತಾರೆ. 1750ರ ಸುಮಾರಿಗೆ ಈ ಕೊಲ್ಲಿ ಪೂರ್ತಿ ಹಿಮ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಕಂಡದ್ದು ದಡದಲ್ಲೊಂದು ಸಣ್ಣ ಕಚ್ಚು. 1879ರಲ್ಲಿ ನಿಸರ್ಗಪ್ರೇಮಿ ಬರಹಗಾರ ಜಾನ್ ಮ್ಯೂರ್ ಬರುವಷ್ಟರಲ್ಲಿ ಹಿಮ 30 ಮೈಲಿಗೂ ಹೆಚ್ಚು ಸರಿದಿತ್ತು. ಇವತ್ತು ಮಾರ್ಜರಿ ಹಿಮನದಿ ಮುಟ್ಟಲು 65 ಮೈಲಿ ಒಳಗೆ ಹೋಗಬೇಕು. ಈ ನಾಲ್ಕು ಸಾಲು ಮನಸ್ಸಲ್ಲಿಟ್ಟುಕೊಂಡು ಡೆಕ್ ಮೇಲೆ ನಿಂತರೆ, ದಾರಿಯುದ್ದಕ್ಕೂ ಹಸಿರು ಹೇಗೆ ತೆಳುವಾಗುತ್ತಾ ಹೋಗುತ್ತದೆ ಎನ್ನುವುದು ಕಾಣುತ್ತದೆ: ಮೊದಲು ದಟ್ಟ ಕಾಡು, ಆಮೇಲೆ ಪೊದೆ, ಕೊನೆಗೆ ಬರಿಯ ಬಂಡೆ.

ಮುಂಭಾಗದ ಡೆಕ್‌ಗೆ ಒಂದು ಗಂಟೆ ಮೊದಲೇ ಹೋಗಿ ಜಾಗ ಹಿಡಿಯಿರಿ. ಮಾರ್ಜರಿ ಎದುರು ಹಡಗು ಸುಮಾರು ಒಂದು ಗಂಟೆ ನಿಂತು ನಿಧಾನ ತಿರುಗುತ್ತದೆ, ಎರಡೂ ಬದಿಯವರಿಗೂ ಕಾಣುತ್ತದೆ. ನೀರಿನಿಂದ 250 ಅಡಿ ಎದ್ದ ನೀಲಿ ಗೋಡೆ, ಅಗಲ ಒಂದು ಮೈಲಿ. ಸಾವಿರಾರು ಜನರಿದ್ದರೂ ಯಾರೂ ಮಾತಾಡುವುದಿಲ್ಲ. ಒಂದು ಚೂರು ಕಳಚಿ ನೀರಿಗೆ ಬೀಳುವುದನ್ನು ಕಣ್ಣು ಮೊದಲು ನೋಡುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಕೇಳಿ ತಿರುಗಿದವರಿಗೆ ಸಿಗುವುದು ಎದ್ದ ಅಲೆ ಮಾತ್ರ. ಹಾಗಾಗಿ ಒಂದೇ ಕಡೆ ಕಣ್ಣು ನೆಟ್ಟಿರಿ, ಆಗಷ್ಟೇ ಸಣ್ಣ ಚೂರು ಉದುರಿದ ಕಡೆ. ಟ್ಲಿಂಗಿಟ್ ಜನ ಈ ಸದ್ದಿಗೆ ಬಿಳಿ ಗುಡುಗು ಎನ್ನುತ್ತಾರೆ. ಅಪ್ಪ ಆ ಒಂದು ಗಂಟೆ ಕ್ಯಾಬಿನ್ನಿನ ಕಂಬಳಿ ಹೊದ್ದು ಕಟಕಟೆ ಹಿಡಿದು ನಿಂತಿದ್ದರು, ಟೀ ತಂದುಕೊಟ್ಟರೂ ಕುಡಿಯಲಿಲ್ಲ. ಕಪ್ಪಿನೊಳಗೆ ಟೀ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು.

ಇಳಿಯುವ ಹಿಂದಿನ ರಾತ್ರಿ

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕ್ಯಾಬಿನ್ ಹೊರಗಿಡಬೇಕು. ರಾತ್ರಿಯೇ ಒಯ್ದುಬಿಡುತ್ತಾರೆ, ಮತ್ತೆ ಸಿಗುವುದು ಬಂದರಿನ ಶೆಡ್ಡಿನಲ್ಲಿ. ಪಾಸ್‌ಪೋರ್ಟು, ಮಾತ್ರೆ, ಕನ್ನಡಕ, ಹಲ್ಲುಜ್ಜುವ ಬ್ರಷ್ಷು ಕೈಚೀಲದಲ್ಲಿ ಇರಲಿ ಎಂದು ನಾನು ಎಲ್ಲರಿಗೂ ಪಟ್ಟಿ ಓದಿ ಹೇಳಿದ್ದೆ. ಪ್ಯಾಂಟು ಎಂದು ಹೇಳಿರಲಿಲ್ಲ. ಅಪ್ಪ ಶಿಸ್ತಿನ ಮನುಷ್ಯ, ರಾತ್ರಿ ಪಂಚೆ ಉಟ್ಟು, ಹಾಕಿಕೊಂಡಿದ್ದ ಪ್ಯಾಂಟನ್ನೂ ಮಡಿಸಿ ಪೆಟ್ಟಿಗೆಗೆ ಸೇರಿಸಿ, ಬೀಗ ಹಾಕಿ ಹೊರಗಿಟ್ಟಿದ್ದರು.

ಬೆಳಿಗ್ಗೆ ಏಳಕ್ಕೆ ಸಿಯಾಟಲ್. ಬಿಳಿ ಪಂಚೆ, ಮೇಲೆ ಕಡುನೀಲಿ ಮಳೆ ಜಾಕೆಟ್, ಕಾಲಿಗೆ ಬೂಟು, ಕೈಯಲ್ಲಿ ಪಾಸ್‌ಪೋರ್ಟು ಹಿಡಿದು ಅಪ್ಪ ಇಮಿಗ್ರೇಷನ್ ಸಾಲಿನಲ್ಲಿ ಎಲ್ಲರಿಗಿಂತ ನೆಟ್ಟಗೆ ನಿಂತಿದ್ದರು. ಅಧಿಕಾರಿ ಪಾಸ್‌ಪೋರ್ಟು ನೋಡಿದರು, ಅಪ್ಪನನ್ನು ನೋಡಿದರು, ಪ್ರವಾಸ ಹೇಗಿತ್ತು ಎಂದು ಕೇಳಿದರು. ಅಪ್ಪ ಇಂಗ್ಲಿಷಿನಲ್ಲಿ "ವೆರಿ ಕೋಲ್ಡ್" ಅಂದರು.